ಹಸ್ತಿಮಲ್ಲನ ನಾಟಕಗಳಲ್ಲಿ ಪ್ರಣಯಿಗಳು ಮತ್ತು ಅಂತರಾಯ

೧

ಬೆಳ್ಳಂದೂರಿನಲ್ಲಿ ನಾವು ಕೆಲವರು ಭಾನುವಾರಗಳಂದು ನಡೆಸುವ ಸ್ವಾಧ್ಯಾಯಕ್ಕೆ ಬರುವವರಲ್ಲಿ ತರುಣರೇ ಹೆಚ್ಚು. ಸುತ್ತಲಿನ ಗಣಕಯಂತ್ರದ ಉದ್ಯಮಗಳಲ್ಲಿ ದುಡಿಯುವವರು, ಹೊಸದಾಗಿ ಸಂಸಾರ ಹೂಡಿದವರು. ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯವನ್ನು ಓದುತ್ತಿದ್ದಾಗ ಮಾತಿನ ನಡುವೆ ಉಭಯಭಾಷಾಕವಿಚಕ್ರವರ್ತಿ ಹಸ್ತಿಮಲ್ಲನ ಹೆಸರು ಬಂದಿತು. ಅವನು ಬರೆದ ನಾಟಕಗಳು ನಾಲ್ಕು, ನಾಲ್ಕೂ ಪ್ರಣಯಕಥೆಗಳು ಎಂದು ಹೇಳಿದೆ. ಕೂಡಲೆ ಒಬ್ಬ ತರುಣಿ, 'ಪಂಡಿತರೇ, ಸಮ್ಯಕ್ತ್ವದಲ್ಲಿ ಅಷ್ಟು ದೃಢವಾಗಿದ್ದ ಶ್ರಾವಕನು ಪ್ರಣಯಿಗಳ ನಾಟಕಗಳನ್ನು ಏಕೆ ಬರೆದ? ನಮ್ಮವರು ಅವನ್ನು ಬಸದಿಯ ಭಂಡಾರಗಳಲ್ಲಿ ಏಕೆ ಕಾಪಾಡಿದರು?' ಎಂದು ಕೇಳಿದಳು. ಅಂದು ನಾನು ಕೊಟ್ಟ ಉತ್ತರ ನನಗೇ ತೃಪ್ತಿಕರವಾಗಿರಲಿಲ್ಲ. ಕವಿಗಳು ವಿದ್ವತ್ಪ್ರದರ್ಶನಕ್ಕಾಗಿ ಎಲ್ಲ ಪ್ರಕಾರಗಳಲ್ಲಿಯೂ ಕೈಯಾಡಿಸುತ್ತಿದ್ದರು ಎಂದು ಹೇಳಿ ಮುಂದಿನ ಸೂತ್ರಕ್ಕೆ ಹೋದೆನು. ಆ ಪ್ರಶ್ನೆಗೆ ಸಲ್ಲಬೇಕಾದ ವಿಚಾರವನ್ನು ಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಜಿನಧರ್ಮಕ್ಕೂ ನಾಟ್ಯಕ್ಕೂ ಹೊಂದಿಕೆಯಿಲ್ಲವೆಂಬ ಭಾವನೆ ನಮ್ಮವರಲ್ಲಿ ಕೆಲವರಿಗುಂಟು. ಆದರೆ ಆದಿದೇವನ ವೈರಾಗ್ಯಕ್ಕೆ ನಿಮಿತ್ತವಾದದ್ದು ನೀಲಾಂಜನೆಯ ನೃತ್ಯವೇ ಎಂಬುದನ್ನು ಮರೆಯಲಾಗದು. ಆಕೆ ನರ್ತಿಸುತ್ತಿದ್ದಂತೆಯೇ ಆಯುಸ್ಸು ತೀರಿ ಅದೃಶ್ಯಳಾದಳು. ರಸಭಂಗವಾಗದಂತೆ ಇಂದ್ರನು ಆ ಸ್ಥಾನದಲ್ಲಿ ಮತ್ತೊಬ್ಬಳನ್ನು ನಿಲ್ಲಿಸಿದನು. ಸಭೆಗೆ ತಿಳಿಯದ ಈ ಬದಲಾವಣೆಯು ಪುರುದೇವನಿಗೆ ತಿಳಿಯಿತು. ಜಿನಸೇನಾಚಾರ್ಯರ ಮಹಾಪುರಾಣದಲ್ಲಿಯೂ ಕ್ರಿ.ಶ. ೯೪೧ರ ಪಂಪನ ಆದಿಪುರಾಣದಲ್ಲಿಯೂ ಬರುವ ಈ ಪ್ರಸಂಗವು ರಂಗವನ್ನು ಅಲ್ಲಗಳೆಯುವುದಿಲ್ಲ. ರಂಗವನ್ನು ನೋಡಬೇಕಾದ ಕಣ್ಣು ಯಾವುದೆಂಬುದನ್ನು ತೋರಿಸುತ್ತದೆ. ಹಸ್ತಿಮಲ್ಲನನ್ನು ಓದುವಾಗಲೂ ಈ ಮಾತು ನೆನಪಿನಲ್ಲಿರಬೇಕು.

೨

ಹಸ್ತಿಮಲ್ಲನ ವೃತ್ತಾಂತವು ವಿದ್ವಾಂಸರಿಗೆ ವಿದಿತವಾದುದೇ ಆಗಿದೆ. ವತ್ಸಗೋತ್ರದ ಗೋವಿಂದಭಟ್ಟನು ಸಮಂತಭದ್ರಸ್ವಾಮಿಗಳ ದೇವಾಗಮಸ್ತೋತ್ರದ ಪ್ರಭಾವದಿಂದ ಜಿನಮತವನ್ನು ಸ್ವೀಕರಿಸಿದನು. ಶ್ರೀಕುಮಾರಕವಿ, ಸತ್ಯವಾಕ್ಯ, ದೇವರವಲ್ಲಭ, ಉದಯಭೂಷಣ, ಹಸ್ತಿಮಲ್ಲ, ವರ್ಧಮಾನ ಎಂಬ ಅವನ ಆರು ಮಕ್ಕಳೂ ಕವಿಗಳು. ಸರಣ್ಯಾಪುರದಲ್ಲಿ ಸಮ್ಯಕ್ತ್ವಪರೀಕ್ಷೆಗಾಗಿ ಮೇಲೆ ಬಿಟ್ಟ ಮದದಾನೆಯನ್ನು ಅಡಗಿಸಿದುದರಿಂದ ಐದನೆಯವನಿಗೆ ಹಸ್ತಿಮಲ್ಲನೆಂಬ ಹೆಸರು ಬಂದಿತೆಂದು ಪರಂಪರೆ ಹೇಳುತ್ತದೆ. ಕರ್ಣಾಟ ಮಂಡಲವನ್ನು ತನ್ನ ತೋಳ್ಬಲದಿಂದ ಆಳುತ್ತಿದ್ದ ಪಾಂಡ್ಯ ಮಹೀಶ್ವರನ ಆಶ್ರಯದಲ್ಲಿ, ಬಂಧುಗಳೊಡನೆಯೂ ವಿದ್ವಾಂಸರೊಡನೆಯೂ, ಜಿನಾಲಯಗಳಿಂದ ಕೂಡಿದ ಪಟ್ಟಣದಲ್ಲಿ ಅವನು ವಾಸವಾಗಿದ್ದನೆಂದು ಪ್ರಶಸ್ತಿಯಿಂದ ತಿಳಿದುಬರುತ್ತದೆ. ಕವಿಚರಿತೆಕಾರರು ಅವನ ಕಾಲವನ್ನು ಸುಮಾರು ಕ್ರಿ.ಶ. ೧೨೯೦ ಎಂದು ಹೇಳಿದ್ದಾರೆ.

ಈ ಕಾಲನಿರ್ಣಯಕ್ಕೆ ಮುಖ್ಯವಾದ ಆಧಾರವೊಂದು ನಮ್ಮ ಪ್ರಶ್ನೆಗೂ ಉಪಯುಕ್ತವಾಗಿದೆ. ಅಯ್ಯಪಾರ್ಯನು ಶಕ ೧೨೪೧ರಲ್ಲಿ, ಎಂದರೆ ಕ್ರಿ.ಶ. ೧೩೧೯ರ ಸುಮಾರಿಗೆ, ಜಿನೇಂದ್ರಕಲ್ಯಾಣಾಭ್ಯುದಯವೆಂಬ ಪ್ರತಿಷ್ಠಾಗ್ರಂಥವನ್ನು ಮುಗಿಸಿದನು. ಅದರಲ್ಲಿ ತನಗೆ ಆಧಾರರಾದ ಪೂರ್ವಾಚಾರ್ಯರನ್ನು ಹೆಸರಿಸುವಾಗ ಪೂಜ್ಯಪಾದ, ಜಿನಸೇನ, ಗುಣಭದ್ರ, ವಸುನಂದಿ, ಇಂದ್ರನಂದಿ, ಆಶಾಧರರ ಸಾಲಿನಲ್ಲಿಯೇ ಹಸ್ತಿಮಲ್ಲನನ್ನೂ ಸೇರಿಸಿದ್ದಾನೆ. ನಾಲ್ಕು ಪ್ರಣಯನಾಟಕಗಳನ್ನು ರಚಿಸಿದ ಕವಿಯನ್ನು ಒಂದು ತಲೆಮಾರು ಕಳೆಯುವಷ್ಟರಲ್ಲಿ ಬಿಂಬಪ್ರತಿಷ್ಠೆಯ ವಿಧಿಗೆ ಪ್ರಮಾಣಪುರುಷನೆಂದು ಸ್ವೀಕರಿಸಿದ್ದಾರೆ. ಆ ಕಾಲದವರಿಗೆ ಈ ಎರಡು ಕೆಲಸಗಳಲ್ಲಿ ವಿರೋಧ ಕಾಣಲಿಲ್ಲವೆಂಬುದು ಸ್ಪಷ್ಟ. ವಿರೋಧ ಕಾಣುತ್ತಿರುವುದು ನಮಗೆ.

ವಿಕ್ರಾಂತಕೌರವ, ಮೈಥಿಲೀಕಲ್ಯಾಣ, ಅಂಜನಾಪವನಂಜಯ, ಸುಭದ್ರಾನಾಟಿಕೆ ಇವು ದೊರೆತಿರುವ ನಾಲ್ಕು ಕೃತಿಗಳು. ಮೊದಲ ಎರಡು ೧೯೧೫–೧೬ರ ಅವಧಿಯಲ್ಲಿ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯಲ್ಲಿ ಅಚ್ಚಾದವು. ಉಳಿದೆರಡು ಅದೇ ಮಾಲೆಯಲ್ಲಿ ಪ್ರೊ. ಎಂ. ವಿ. ಪಟವರ್ಧನರ ಸಂಪಾದಕತ್ವದಲ್ಲಿ ಬೆಳಕು ಕಂಡದ್ದು ೧೯೫೦ರಲ್ಲಿ. ನಡುವೆ ಮೂವತ್ತನಾಲ್ಕು ವರ್ಷಗಳ ಅಂತರವಿದೆ. ಆ ಅವಧಿಯಲ್ಲಿ ನಮ್ಮ ಪಂಡಿತರ ಶ್ರಮವು ಸಿದ್ಧಾಂತಗ್ರಂಥಗಳ ಕಡೆಗೆ ಹರಿಯಿತು. ಧವಳಾ ಟೀಕೆಯ ಮೊದಲ ಸಂಪುಟ ೧೯೩೯ರಲ್ಲಿ ಹೊರಬಂದಿತು. ಅದು ಯುಕ್ತವೇ ಆಗಿತ್ತು. ಆದರೆ ಆಗ ಬದಿಗಿಟ್ಟುದನ್ನು ಮತ್ತೆ ಕೈಗೆತ್ತಿಕೊಳ್ಳುವ ಹೊಣೆ ಮುಂದಿನವರ ಮೇಲೆ ಉಳಿಯಿತು.

೩

ಪರಸ್ಪರ ಅನುರಕ್ತರಾದ ತರುಣ ತರುಣಿಯರು, ಅವರ ಸಮಾಗಮಕ್ಕೆ ಬಂದೊದಗುವ ತಡೆ, ಕೊನೆಯಲ್ಲಿ ಆ ತಡೆಯ ನಿವಾರಣೆ: ನಾಟಕವೆಂಬುದು ಹುಟ್ಟಿದ ದೇಶಗಳಲ್ಲೆಲ್ಲ ಈ ವಸ್ತುವುಂಟು. ಗ್ರೀಸಿನ ಮೆನಾಂಡರನು ಕ್ರಿ.ಪೂ. ೩೧೬ರಲ್ಲಿ ಆಡಿಸಿದ ನಾಟಕವೊಂದರಲ್ಲಿ ಮಗಳನ್ನು ಯಾರ ಕಣ್ಣಿಗೂ ಬೀಳಿಸದ ಸಿಡುಕು ಸ್ವಭಾವದ ಮುದುಕನೇ ತಡೆ. ಬಹುಕಾಲ ಬಿಡಿ ತುಣುಕುಗಳಿಂದ ಮಾತ್ರ ತಿಳಿದಿದ್ದ ಆ ನಾಟಕ ಈಜಿಪ್ತಿನ ಪಪೈರಸ್ ಪ್ರತಿಯೊಂದರಿಂದ ದೊರೆತು ೧೯೫೮ರಲ್ಲಿ ಪ್ರಕಟವಾಯಿತು. ಫ್ರಾನ್ಸಿನಲ್ಲಿ ಯೂಜೀನ್ ಸ್ಕ್ರೀಬನು (೧೭೯೧–೧೮೬೧) ಈ ವಸ್ತುವನ್ನು ಒಂದು ಯಂತ್ರದಂತೆ ಅಳವಡಿಸಿದನು. ಪ್ರೇಕ್ಷಕರಿಗೆ ತಿಳಿದ, ಪಾತ್ರಗಳಿಗೆ ತಿಳಿಯದ ಒಂದು ಗುಟ್ಟು. ಕೈತಪ್ಪಿ ಹೋದ ಒಂದು ಪತ್ರ ಅಥವಾ ಒಡವೆ. ಅಂಕದಿಂದ ಅಂಕಕ್ಕೆ ಬಿಗಿಯುವ ಗಂಟು. ಕೊನೆಯಲ್ಲಿ ಗುಟ್ಟು ಬಯಲಾಗಿ ಗಂಟು ಬಿಚ್ಚುವುದು. ಇದನ್ನು ಅಲ್ಲಿಯ ವಿಮರ್ಶಕರು ಸುಘಟಿತ ನಾಟಕವೆಂದು ಕರೆದರು.

ಸುಘಟನೆಯ ಶಾಸ್ತ್ರ ನಮ್ಮವರಿಗೆ ಹೊಸದಲ್ಲ. ಆರಂಭ, ಯತ್ನ, ಪ್ರಾಪ್ತ್ಯಾಶಾ, ನಿಯತಾಪ್ತಿ, ಫಲಾಗಮಗಳೆಂಬ ಐದು ಅವಸ್ಥೆಗಳೂ, ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣಗಳೆಂಬ ಐದು ಸಂಧಿಗಳೂ ಇದನ್ನೇ ಹೇಳುತ್ತವೆ. ಫಲವು ಕೈಸೇರಿತೆನ್ನುವಷ್ಟರಲ್ಲಿ ತಪ್ಪಿಹೋಗುವ ಗರ್ಭಸಂಧಿ, ಕ್ರೋಧದಿಂದಲೋ ವ್ಯಸನದಿಂದಲೋ ವಿಘ್ನವು ಬಲಿಯುವ ವಿಮರ್ಶಸಂಧಿ, ಇವೆರಡೇ ಪ್ರಣಯನಾಟಕದ ಜೀವ. ಹೇಮಚಂದ್ರಾಚಾರ್ಯರ ಶಿಷ್ಯರಾದ ರಾಮಚಂದ್ರ ಗುಣಚಂದ್ರರು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ನಾಟ್ಯದರ್ಪಣವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ರಸವೆಲ್ಲವೂ ಆನಂದಮಯವೇ ಎಂಬ ಮತವನ್ನು ಒಪ್ಪದೆ, ರಸವು ಸುಖದುಃಖಾತ್ಮಕವೆಂದು ಈ ಗುರುಬಂಧುಗಳು ಸಾಧಿಸಿದರು. ವಿರಹಿಯ ದುಃಖ ರಂಗದ ಮೇಲೆಯೂ ದುಃಖವೇ. ತಡೆಯೆಂಬುದು ಸುಖವನ್ನು ಸವಿಯಾಗಿಸುವ ವ್ಯಂಜನ ಮಾತ್ರವಲ್ಲ. ಅದಕ್ಕೆ ತನ್ನದೇ ಆದ ಸತ್ಯವುಂಟು.

ಈ ತಡೆಗೆ ನಮ್ಮ ಶಾಸ್ತ್ರದಲ್ಲಿ ಒಂದು ನಿಶ್ಚಿತವಾದ ಹೆಸರಿದೆ. ಅಷ್ಟಕರ್ಮಗಳಲ್ಲಿ ಕೊನೆಯದಾದ ಅಂತರಾಯವು ದಾನ, ಲಾಭ, ಭೋಗ, ಉಪಭೋಗ, ವೀರ್ಯ ಎಂಬ ಐದಕ್ಕೆ ಅಡ್ಡಬರುತ್ತದೆ. ಒಮ್ಮೆ ಮಾತ್ರ ಅನುಭವಿಸತಕ್ಕದ್ದು ಭೋಗ, ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗ. ದಾಂಪತ್ಯಸುಖವು ಎರಡನೆಯದರಲ್ಲಿ ಸೇರುತ್ತದೆ. ಇತರರಿಗೆ ವಿಘ್ನವನ್ನುಂಟುಮಾಡುವುದೇ ಈ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥದ ಆರನೆಯ ಅಧ್ಯಾಯವು ಸಾರುತ್ತದೆ. ಎಂದಮೇಲೆ, ಪ್ರಣಯಿಗಳ ನಡುವೆ ಅಡ್ಡಬರುವ ತಂದೆಯೋ ಪ್ರತಿಸ್ಪರ್ಧಿಯೋ ಕೇವಲ ಹೊರಗಿನ ನಿಮಿತ್ತ. ಉಪಾದಾನವು ಪ್ರಣಯಿಗಳ ಒಳಗೇ ಇದೆ. ಹಾಗೆಯೇ ಅಡ್ಡಬರುವವನೂ ತನಗಾಗಿ ಒಂದು ತಡೆಯನ್ನು ಕಟ್ಟಿಕೊಳ್ಳುತ್ತಿದ್ದಾನೆ. ಹಸ್ತಿಮಲ್ಲನು ನಾಲ್ಕು ಸಲ ಆರಿಸಿಕೊಂಡ ವಸ್ತುವಿಗೆ ಈ ಸಿದ್ಧಾಂತದ ಹಿನ್ನೆಲೆಯುಂಟೆಂಬುದೇ ನನ್ನ ಅಭಿಪ್ರಾಯ.

೪

ನಾಟಕಗಳಿಗೆ ಮೊದಲು ಮಹಾಪುರಾಣದ ಒಂದು ಕಥೆಯನ್ನು ನೆನೆಯಬೇಕು. ಆದಿದೇವನ ಪೂರ್ವಭವಗಳಲ್ಲಿ ಬರುವ ಶ್ರೀಮತಿ ವಜ್ರಜಂಘರ ಕಥೆಯೇ ನಮ್ಮ ಪ್ರಣಯಕಥೆಗಳಿಗೆಲ್ಲ ಮಾತೃಕೆ. ಈಶಾನಕಲ್ಪದ ಲಲಿತಾಂಗದೇವನು ಆಯುರಂತ್ಯದಲ್ಲಿ ಚ್ಯುತನಾದನು. ಸ್ವಯಂಪ್ರಭೆಯೂ ಅವನ ಹಿಂದೆ ಇಳಿದಳು. ಇವನು ಉತ್ಪಲಖೇಟದ ವಜ್ರಜಂಘ, ಅವಳು ಪುಂಡರೀಕಿಣಿಯ ವಜ್ರದಂತ ಚಕ್ರವರ್ತಿಯ ಮಗಳು ಶ್ರೀಮತಿ. ಯಶೋಧರ ಗುರುಗಳ ಕೇವಲಜ್ಞಾನಪೂಜೆಗೆ ಬಂದ ದೇವತೆಗಳನ್ನು ಕಂಡು ಶ್ರೀಮತಿಗೆ ಜಾತಿಸ್ಮರಣೆಯಾಯಿತು. ಪ್ರಿಯನು ಎಲ್ಲಿ ಹುಟ್ಟಿದ್ದಾನೆ, ಯಾವ ಹೆಸರಿನಿಂದ ಇದ್ದಾನೆ ಎಂಬುದು ತಿಳಿಯದು. ಇಲ್ಲಿ ಅಡ್ಡಬಂದಿರುವುದು ತಂದೆಯಲ್ಲ, ಪ್ರತಿಸ್ಪರ್ಧಿಯಲ್ಲ, ಜನನ ಮರಣಗಳೇ.

ಆಕೆ ಹಿಂದಿನ ಭವವನ್ನು ಪಟದ ಮೇಲೆ ಬರೆದಳು. ಕೆಲವು ಸಂಗತಿಗಳನ್ನು ಗೂಢವಾಗಿ ಉಳಿಸಿದಳು. ದಾದಿ ಪಂಡಿತೆಯು ಅದನ್ನು ಮಹಾಪೂತ ಜಿನಾಲಯಕ್ಕೆ ಕೊಂಡೊಯ್ದು ಹರಡಿದಳು. ವಾಸವ, ದುರ್ದಾಂತ ಎಂಬಿಬ್ಬರು ಧೂರ್ತರು ತಾವೇ ಆ ಪ್ರಿಯನೆಂದು ಹೇಳಿಕೊಂಡು ಬಂದರು. ಗೂಢಾರ್ಥವನ್ನು ಕೇಳಿದಾಗ ಉತ್ತರ ತಿಳಿಯದೆ ನಗೆಗೀಡಾದರು. ಕೊನೆಗೆ ವಜ್ರಜಂಘನು ಬಂದು ನೋಡಿ ಗುರುತಿಸಿದನು.

ಈ ಪ್ರಸಂಗದಲ್ಲಿ ಸುಘಟಿತ ನಾಟಕದ ಅಂಗಗಳೆಲ್ಲವೂ ಇವೆ. ಗುಟ್ಟು ಇದೆ, ಗುರುತಿನ ವಸ್ತುವಿದೆ, ಹುಸಿ ನಾಯಕರಿದ್ದಾರೆ, ನೆರವಿಗೆ ದಾದಿಯಿದ್ದಾಳೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗುರುತಿನ ಪಟವು ಎಲ್ಲರ ಕಣ್ಣಮುಂದೆಯೂ ಹರಡಿತ್ತು. ಧೂರ್ತರೂ ಅದನ್ನು ನೋಡಿದರು. ಪಟವೊಂದರಿಂದಲೇ ತಡೆ ನೀಗಲಿಲ್ಲ. ನೋಡುವವನಲ್ಲಿ ಸ್ಮರಣೆಯಿದ್ದಾಗ ಮಾತ್ರ ಅದು ಗುರುತಾಯಿತು. ಅಂತರಾಯವನ್ನು ಕಳೆದದ್ದು ವಸ್ತುವಲ್ಲ, ಜ್ಞಾನ. ಈ ಸೂಕ್ಷ್ಮವು ಮುಂದೆ ಹಸ್ತಿಮಲ್ಲನ ವಸ್ತುವಿನಲ್ಲಿಯೂ ಮರಳಿ ಕಾಣಿಸಿಕೊಳ್ಳುತ್ತದೆ. ಮುಚ್ಚಿದ ಶಯ್ಯಾಗಾರದಲ್ಲಿ ಅಗರುಧೂಪದ ಹೊಗೆಯಿಂದ ದಂಪತಿಗಳಿಬ್ಬರೂ ಒಟ್ಟಿಗೆ ಅಸುನೀಗುವ ಈ ಕಥೆಯ ಮುಂದಿನ ಘಟನೆಯನ್ನು ಪಂಪನನ್ನು ಓದಿದವರು ಮರೆಯಲಾರರು. ಕೂಡುವುದೇ ಕೊನೆಯಲ್ಲವೆಂದು ಪುರಾಣವು ಎಚ್ಚರಿಸುತ್ತದೆ.

೫

ಈಗ ನಾಟಕಗಳನ್ನು ಒಂದೊಂದಾಗಿ ನೋಡಬಹುದು.

ಆರು ಅಂಕಗಳ ವಿಕ್ರಾಂತಕೌರವಕ್ಕೆ ಸುಲೋಚನಾನಾಟಕವೆಂಬ ಹೆಸರೂ ಉಂಟು. ಕಾಶಿಯ ಅಕಂಪನ ಮಹಾರಾಜನ ಮಗಳು ಸುಲೋಚನೆ. ಹಸ್ತಿನಾಪುರದ ಸೋಮಪ್ರಭನ ಮಗ, ಭರತ ಚಕ್ರವರ್ತಿಯ ಸೇನಾಪತಿ ಮೇಘೇಶ್ವರನೆನಿಸಿದ ಜಯಕುಮಾರ. ಗುಣಭದ್ರಾಚಾರ್ಯರು ಪೂರ್ತಿಗೊಳಿಸಿದ ಆದಿಪುರಾಣದ ಕೊನೆಯ ಪರ್ವಗಳಲ್ಲಿ ಬರುವ ಕಥೆಯಿದು. ಲೋಕದಲ್ಲಿ ಬಹುಮಟ್ಟಿಗೆ ವರಣಕ್ಕೆ ಮುಂಚೆ ಬರುವ ತಡೆ ಇಲ್ಲಿ ವರಣದ ಅನಂತರ ಬರುತ್ತದೆ. ಕನ್ಯೆಯು ಮಾಲೆಯನ್ನು ಹಾಕಿಯಾಗಿದೆ. ಚಕ್ರವರ್ತಿಯ ಮಗನಾದ ಅರ್ಕಕೀರ್ತಿಗೆ ದುರ್ಮರ್ಷಣನೆಂಬ ಸೇವಕನು ಕಿವಿಯೂದುತ್ತಾನೆ. ಅನವದ್ಯಮತಿಯೆಂಬ ಮಂತ್ರಿಯು ತಡೆದರೂ ಕೇಳದೆ ಅರ್ಕಕೀರ್ತಿ ಯುದ್ಧಕ್ಕೆ ನಿಲ್ಲುತ್ತಾನೆ. ಅವನಿಗೆ ಸುಲೋಚನೆಯ ಮೇಲಿನ ಅನುರಾಗಕ್ಕಿಂತ ತನ್ನನ್ನು ಬಿಟ್ಟು ತನ್ನ ತಂದೆಯ ಸೇನಾಪತಿಯನ್ನು ಆರಿಸಿದಳೆಂಬ ಮಾನಕಷಾಯವೇ ಪ್ರಬಲವಾಗಿದೆ.

ತಡೆಯ ನಿವಾರಣೆಯನ್ನು ಪುರಾಣಕಾರರು ನಡೆಸಿರುವ ಕ್ರಮ ಗಮನಾರ್ಹವಾದುದು. ಯುದ್ಧ ನಡೆಯುವಷ್ಟು ಕಾಲವೂ ಸುಲೋಚನೆ ಜಿನಾಲಯದಲ್ಲಿ ಕಾಯೋತ್ಸರ್ಗದಲ್ಲಿ ನಿಲ್ಲುತ್ತಾಳೆ. ಜಯಕುಮಾರನು ಅರ್ಕಕೀರ್ತಿಯನ್ನು ಕೊಲ್ಲದೆ ಸೆರೆಹಿಡಿಯುತ್ತಾನೆ. ಅಕಂಪನನು ತನ್ನ ಇನ್ನೊಬ್ಬ ಮಗಳನ್ನು ಅರ್ಕಕೀರ್ತಿಗೆ ಕೊಟ್ಟು ವೈರವನ್ನು ಶಮನಗೊಳಿಸುತ್ತಾನೆ. ಚಕ್ರವರ್ತಿಯು ಸುದ್ದಿ ತಿಳಿದಾಗ ಸ್ವಂತ ಮಗನನ್ನೇ ಆಕ್ಷೇಪಿಸುತ್ತಾನೆ. ಅಡ್ಡಬಂದವನನ್ನು ನಾಶಮಾಡುವುದರಿಂದ ಅಂತರಾಯ ತೀರದು; ಅವನ ಕಷಾಯ ಇಳಿಯಬೇಕು. ಪ್ರಣಯಿಗಳ ಸುಖವು ಇನ್ನೊಬ್ಬನ ನಾಶದ ಮೇಲೆ ನಿಂತರೆ ಅದೇ ಮುಂದಿನ ಅಂತರಾಯಕ್ಕೆ ಬೀಜವಾಗುತ್ತದೆ. ನಾಟಕದ ಹೆಸರು ನಾಯಕನ ವಿಕ್ರಮವನ್ನು ಹೇಳುತ್ತದೆಯಾದರೂ ಕಥೆಯ ತಿರುಳು ಇರುವುದು ಈ ಉಪಶಮದಲ್ಲಿಯೇ.

ಐದು ಅಂಕಗಳ ಮೈಥಿಲೀಕಲ್ಯಾಣದ ವಸ್ತು ಸೀತಾರಾಮರ ವಿವಾಹ. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿಯೂ ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿಯೂ ಇದರ ಹಿಂದೆ ದಾರುಣವಾದ ಒಂದು ತೊಡಕಿದೆ. ಹುಟ್ಟಿದ ಕೂಡಲೆ ಅಪಹೃತನಾಗಿ ವಿದ್ಯಾಧರ ಚಂದ್ರಗತಿಯ ಮನೆಯಲ್ಲಿ ಬೆಳೆದ ಪ್ರಭಾಮಂಡಲನು, ನಾರದನು ಒದಗಿಸಿದ ಚಿತ್ರಪಟದಲ್ಲಿ ಸೀತೆಯನ್ನು ಕಂಡು, ತನ್ನ ಒಡಹುಟ್ಟಿದವಳೆಂದು ಅರಿಯದೆ ಮೋಹಗೊಳ್ಳುತ್ತಾನೆ. ಆ ಮೋಹದ ಒತ್ತಾಯದಿಂದಲೇ ಜನಕನು ವಜ್ರಾವರ್ತ ಧನುಸ್ಸಿನ ಪಣಕ್ಕೆ ಒಪ್ಪಬೇಕಾಗುತ್ತದೆ. ಶ್ರೀಮತಿಯ ಪಟ ಜ್ಞಾನವನ್ನು ಎಚ್ಚರಿಸಿದರೆ, ಈ ಪಟ ಅಜ್ಞಾನವನ್ನು ಬೆಳೆಸಿತು. ಪ್ರಭಾಮಂಡಲನಿಗೂ ಮುಂದೆ ಜಾತಿಸ್ಮರಣೆಯಾಗಿಯೇ ಮೋಹ ಹರಿಯುತ್ತದೆ.

ಹಸ್ತಿಮಲ್ಲನು ಬಿಲ್ಲಿನ ಪ್ರಸಂಗವನ್ನು ಕೊನೆಗಿಟ್ಟು, ವಸಂತಕಾಲದ ಉಪವನದಲ್ಲಿ ರಾಮ ಸೀತೆಯರ ಪರಸ್ಪರ ದರ್ಶನವನ್ನೂ ವಿರಹವನ್ನೂ ಮೊದಲ ಅಂಕಗಳಲ್ಲಿ ಹರಡಿದ್ದಾನೆ. ಇದರ ಪರಿಣಾಮ ದೊಡ್ಡದು. ಅನುರಾಗವು ಮೊದಲೇ ಬೆಳೆದಿರುವುದರಿಂದ ಬಿಲ್ಲು ಕೇವಲ ಬಲಪರೀಕ್ಷೆಯಾಗಿ ಉಳಿಯುವುದಿಲ್ಲ. ಇಬ್ಬರ ನಡುವೆ ನಿಂತ ಅಡ್ಡಿಯಾಗುತ್ತದೆ. ನೋಡುವವರ ಕಣ್ಣು ಬಿಲ್ಲನ್ನು ಹಿಡಿದ ಕೈಯ ಮೇಲೆ ಮಾತ್ರವಲ್ಲ, ಅದನ್ನು ಕಾದು ನಿಂತವಳ ಮುಖದ ಮೇಲೆಯೂ ನಿಲ್ಲುತ್ತದೆ.

ನಾಲ್ಕರಲ್ಲಿ ಅತ್ಯಂತ ವಿಚಾರಾರ್ಹವಾದದ್ದು ಏಳು ಅಂಕಗಳ ಅಂಜನಾಪವನಂಜಯ. ಪುರಾಣದ ಕಥೆಯಲ್ಲಿ ಆದಿತ್ಯಪುರದ ಪ್ರಹ್ಲಾದನ ಮಗ ಪವನಂಜಯನು ವಿವಾಹಕ್ಕೆ ಮೊದಲು ಗುಪ್ತವಾಗಿ ಅಂಜನೆಯನ್ನು ನೋಡಲು ಹೋಗುತ್ತಾನೆ. ಸಖಿಯೊಬ್ಬಳು ವಿದ್ಯುತ್ಪ್ರಭನನ್ನು ಹೊಗಳಿ ತನ್ನನ್ನು ಹಳಿಯುವುದನ್ನು ಕೇಳುತ್ತಾನೆ, ಅಂಜನೆ ಸುಮ್ಮನಿರುತ್ತಾಳೆ. ಲಜ್ಜೆಯ ಮೌನವನ್ನು ಸಮ್ಮತಿಯೆಂದು ಬಗೆದು, ಮದುವೆಯಾಗಿಯೂ ಇಪ್ಪತ್ತೆರಡು ವರ್ಷ ಆಕೆಯ ಮುಖ ನೋಡುವುದಿಲ್ಲ. ವರುಣನೊಡನೆ ಯುದ್ಧಕ್ಕೆ ಹೊರಟವನು ಮಾನಸಸರೋವರದ ತೀರದಲ್ಲಿ ಇರುಳು ಸಂಗಾತಿಯನ್ನಗಲಿ ಕೂಗುವ ಚಕ್ರವಾಕಿಯನ್ನು ಕಂಡು ಮನಕರಗಿ, ಮಿತ್ರ ಪ್ರಹಸಿತನೊಡನೆ ಗುಟ್ಟಾಗಿ ಮರಳಿ ಬರುತ್ತಾನೆ. ಗುರುತಿನ ಒಡವೆಯನ್ನು ಕೊಟ್ಟು ಮತ್ತೆ ಯುದ್ಧಕ್ಕೆ ಹೋಗುತ್ತಾನೆ. ಗರ್ಭಿಣಿಯಾದ ಅಂಜನೆಯನ್ನು ಅತ್ತೆ ಕೇತುಮತಿಯು ಕುಲಟೆಯೆಂದು ಹೊರಗಟ್ಟುತ್ತಾಳೆ. ತವರಿನ ಬಾಗಿಲೂ ಮುಚ್ಚುತ್ತದೆ. ವಸಂತಮಾಲೆಯೊಬ್ಬಳೇ ಜೊತೆ. ಕಾಡಿನ ಗುಹೆಯಲ್ಲಿ ಹನುಮಂತನ ಜನನ, ಮಾವ ಪ್ರತಿಸೂರ್ಯನ ಆಶ್ರಯ, ಪತ್ನಿಯನ್ನು ಹುಡುಕಿ ಉನ್ಮತ್ತನಂತೆ ಅಲೆಯುವ ಪವನಂಜಯ, ಕೊನೆಗೆ ಸಮಾಗಮ.

ಇದಕ್ಕೆಲ್ಲ ಕಾರಣವನ್ನು ಗುಹೆಯಲ್ಲಿದ್ದ ಮುನಿಗಳು ಹೇಳುತ್ತಾರೆ. ಹಿಂದಿನ ಭವದಲ್ಲಿ ಕನಕೋದರಿಯೆಂಬ ರಾಣಿಯಾಗಿದ್ದಾಗ ಸವತಿಯ ಮೇಲಿನ ಮತ್ಸರದಿಂದ ಜಿನಪ್ರತಿಮೆಯನ್ನು ಹೊರಗಿರಿಸಿದ್ದಳು. ಇನ್ನೊಬ್ಬಳ ಪೂಜೆಗೆ ತಾನು ಒಡ್ಡಿದ ವಿಘ್ನವೇ ತನ್ನ ದಾಂಪತ್ಯಕ್ಕೆ ವಿಘ್ನವಾಗಿ ಬಂದಿತು. ಕರ್ಮಸಿದ್ಧಾಂತವನ್ನು ಪ್ರಣಯಕಥೆಯಾಗಿ ಬರೆದರೆ ಹೇಗಿರುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು.

ಹಸ್ತಿಮಲ್ಲನು ಇಲ್ಲಿ ಅಂಜನೆಗೆ ಸ್ವಯಂವರವನ್ನು ಕಲ್ಪಿಸಿದ್ದಾನೆ. ಪುರಾಣದಲ್ಲಿಲ್ಲದ ಈ ಮಾರ್ಪಾಟನ್ನು ಕೇವಲ ರಂಗದ ವೈಭವಕ್ಕಾಗಿ ಮಾಡಿದನೆಂದು ಭಾವಿಸುವುದು ಸರಿಯಲ್ಲ. ತಾನೇ ಮಾಲೆಯಿಟ್ಟು ವರಿಸಿದವಳ ಮನಸ್ಸನ್ನು ಶಂಕಿಸುವುದಕ್ಕೆ ಪವನಂಜಯನಿಗೆ ಆಧಾರವೇ ಉಳಿಯದು; ಇಪ್ಪತ್ತೆರಡು ವರ್ಷಗಳ ತಿರಸ್ಕಾರಕ್ಕೆ ಬುಡವೇ ಇಲ್ಲವಾಗುತ್ತದೆ. ತಡೆಯ ಭಾರವೆಲ್ಲ ಗಂಡನ ಮಾನದಿಂದ ಮನೆಯವರ ಶಂಕೆಗೆ ವರ್ಗವಾಗುತ್ತದೆ. ಕಾಳಿದಾಸನ ಶಕುಂತಲೆಗೂ ಅಂಜನೆಗೂ ಇರುವ ಅಂತರವೂ ಇಲ್ಲಿಯೇ ತಿಳಿಯುತ್ತದೆ. ಶಕುಂತಲೆಯ ಉಂಗುರ ಕಳೆದುಹೋದುದರಿಂದ ಆಕೆಯನ್ನು ನಂಬಲಿಲ್ಲ. ಅದು ದೊರೆತ ಕೂಡಲೆ ಮರೆವು ಹರಿಯಿತು. ಅಂಜನೆಯ ಕಥೆಯಲ್ಲಿ ಗುರುತಿನ ಒಡವೆ ಕೈಯಲ್ಲಿಯೇ ಇದೆ. ಆದರೂ ನಂಬಲಿಲ್ಲ. ನೋಡುವ ಕಣ್ಣಿನಲ್ಲಿ ಶ್ರದ್ಧೆಯಿಲ್ಲದಿದ್ದರೆ ಪ್ರಮಾಣವಿದ್ದೂ ಪ್ರಯೋಜನವಿಲ್ಲ. ಶ್ರೀಮತಿಯ ಪಟದ ಎದುರು ನಿಂತ ಧೂರ್ತರಿಗೂ ಒಡವೆಯನ್ನು ಕಂಡ ಕೇತುಮತಿಗೂ ಈ ಅಂಶದಲ್ಲಿ ಭೇದವಿಲ್ಲ: ವಸ್ತು ಕಂಡಿತು, ಅರ್ಥ ಕಾಣಲಿಲ್ಲ.

ಸುಭದ್ರಾನಾಟಿಕೆಯ ನಾಯಿಕೆ ಅರ್ಜುನನ ಸುಭದ್ರೆಯಲ್ಲ. ವಿದ್ಯಾಧರ ನಮಿಯ ಸೋದರಿ, ಭರತ ಚಕ್ರವರ್ತಿಯ ಸ್ತ್ರೀರತ್ನ. ನಾಟಿಕೆಯ ಲಕ್ಷಣದಂತೆ ನಾಲ್ಕೇ ಅಂಕಗಳು, ಕೈಶಿಕೀ ವೃತ್ತಿ, ಹಿರಿಯ ರಾಣಿಯ ಅಂಜಿಕೆಯಲ್ಲಿ ನಡೆಯುವ ಪ್ರಣಯ. ಹರ್ಷನ ರತ್ನಾವಳಿಯೇ ಈ ಪ್ರಕಾರಕ್ಕೆ ಮಾದರಿ. ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಆಸ್ಥಾನದಲ್ಲಿ ಸಿಂಗರಾರ್ಯನು ರಚಿಸಿದ, ಕನ್ನಡದಲ್ಲಿ ದೊರೆತಿರುವ ಮೊದಲ ನಾಟಕವೆನಿಸಿದ ಮಿತ್ರವಿಂದಾಗೋವಿಂದವೂ ಅದನ್ನೇ ಅನುಸರಿಸಿದುದು. ಈ ಪ್ರಕಾರದಲ್ಲಿ ತಡೆಯನ್ನು ಒಡ್ಡುವವಳೂ ಅದನ್ನು ತೆರವು ಮಾಡುವವಳೂ ಹಿರಿಯ ರಾಣಿಯೇ. ಆಕೆಯ ಅನುಮತಿಯಿಲ್ಲದೆ ಫಲಾಗಮವಿಲ್ಲ. ಇಂದಿನ ಓದುಗರಿಗೆ ಆ ರಾಣಿಯ ನೋವೇ ಮೊದಲು ಕಾಣುವುದು ಸಹಜ. ರಸವು ದುಃಖಾತ್ಮಕವೂ ಹೌದೆಂದ ನಾಟ್ಯದರ್ಪಣಕಾರರು ಆ ಓದನ್ನು ಅಲ್ಲಗಳೆಯುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

೬

ಹಸ್ತಪ್ರತಿಶಾಸ್ತ್ರಕ್ಕೆ ಸಂಬಂಧಿಸಿದ ಎರಡು ಮಾತುಗಳನ್ನು ಇಲ್ಲಿ ಹೇಳುವುದು ಅವಶ್ಯಕ.

ಮೊದಲನೆಯದು ಹೆಸರಿನ ವಿಚಾರ. ಹಿಂದಿನ ಸೂಚಿಗಳಲ್ಲಿ ಹಸ್ತಿಮಲ್ಲನ ಹೆಸರಿನ ಕೆಳಗೆ ಉದಯನರಾಜ, ಭರತರಾಜ, ಅರ್ಜುನರಾಜ, ಮೇಘೇಶ್ವರ ಎಂಬ ಇನ್ನೂ ನಾಲ್ಕು ನಾಟಕಗಳು ಕಾಣಿಸುತ್ತವೆ. ಇವುಗಳಲ್ಲಿ ಮೇಘೇಶ್ವರವೆಂದರೆ ವಿಕ್ರಾಂತಕೌರವವೂ ಭರತರಾಜವೆಂದರೆ ಸುಭದ್ರಾನಾಟಿಕೆಯೂ ಇರಬೇಕೆಂಬ ವಿದ್ವಾಂಸರ ಊಹೆ ಸಮಂಜಸವಾಗಿದೆ. ಪ್ರಣಯನಾಟಕಕ್ಕೆ ಇಬ್ಬರು ಒಡೆಯರು. ಒಬ್ಬ ಸೂಚಿಕಾರನು ನಾಯಕನ ಹೆಸರಿನಿಂದ ಬರೆದುಕೊಂಡರೆ ಇನ್ನೊಬ್ಬನು ನಾಯಿಕೆಯ ಹೆಸರಿನಿಂದ ಬರೆದುಕೊಳ್ಳುತ್ತಾನೆ. ಸುಭದ್ರೆಯೆಂದೊಡನೆ ಭಾರತದ ಕಥೆಯೆಂದು ಬಗೆಯುವವನು ಮೂರನೆಯ ಹೆಸರನ್ನು ಹುಟ್ಟಿಸಲೂಬಹುದು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ೧೯೪೮ರಲ್ಲಿ ಪ್ರಕಟಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯಂತಹ ಕೆಲಸದ ಮಹತ್ವ ಇಂತಹ ತೊಡಕುಗಳನ್ನು ಎದುರಿಸಿದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಹೊರಹೊದಿಕೆಯ ಹೆಸರನ್ನು ಮಾತ್ರ ನೋಡದೆ ಪ್ರಸ್ತಾವನೆಯನ್ನೂ ಅಂಕಾಂತ್ಯದ ಗದ್ಯವನ್ನೂ ಓದಿ ನಾಯಕ ನಾಯಿಕೆಯರಿಬ್ಬರ ಹೆಸರನ್ನೂ ಸೂಚಿಯಲ್ಲಿ ಬರೆಯುವ ರೂಢಿ ನಮ್ಮಲ್ಲಿ ಬೆಳೆಯಬೇಕು.

ಎರಡನೆಯದು ಇನ್ನೂ ಗಂಭೀರವಾದುದು. ಸಂಸ್ಕೃತ ನಾಟಕದಲ್ಲಿ ನಾಯಕನು ಸಂಸ್ಕೃತದಲ್ಲಿ ಮಾತನಾಡುತ್ತಾನೆ. ನಾಯಿಕೆ, ಸಖಿ, ವಿದೂಷಕರು ಪ್ರಾಕೃತದಲ್ಲಿ. ತಾಡಪತ್ರದಲ್ಲಿ ಮಾತುಗಳು ಬಿಡುವಿಲ್ಲದೆ ಒಂದೇ ಓಟದಲ್ಲಿ ಹರಿಯುತ್ತವೆ. ಸಂಸ್ಕೃತಜ್ಞನಾದ ಲಿಪಿಕಾರನು ನಾಯಕನ ಶ್ಲೋಕವನ್ನು ಛಂದಸ್ಸಿನ ಆಸರೆಯಿಂದ ತಪ್ಪಿಲ್ಲದೆ ಬರೆಯುತ್ತಾನೆ. ನಾಯಿಕೆಯ ಗದ್ಯಕ್ಕೆ ಬಂದಾಗ ಅವನ ಕೈ ತೊಡರುತ್ತದೆ. ದಕ್ಷಿಣದ ಪ್ರಾಕೃತ ಪ್ರತಿಗಳಲ್ಲಿ ದ್ವಿತ್ವವನ್ನು ಸೂಚಿಸಲು ವ್ಯಂಜನದ ಹಿಂದೆ ಸೊನ್ನೆಯಿಡುವ ಪದ್ಧತಿಯುಂಟು. ಅದನ್ನು ಅರಿಯದವನು ಆರ್ಯಪುತ್ರ ಎಂಬರ್ಥದ 'ಅಜ್ಜಉತ್ತ' ಎಂಬ ಸಂಬೋಧನೆಯನ್ನು 'ಅಂಜಉತ್ತ' ಎಂದು ಓದಿ ಹಾಗೆಯೇ ಪ್ರತಿಮಾಡುತ್ತಾನೆ. ಹೃದಯವೆಂಬರ್ಥದ 'ಹಿಅಅ' ಎಂಬುದು ಸ್ವರಗಳ ನಡುವೆ ಯಕಾರ ಸೇರಿ 'ಹಿಯಯ' ಆಗುತ್ತದೆ. ಇನ್ನು ಕೆಲವೆಡೆ ಪ್ರಾಕೃತವನ್ನೇ ಬಿಟ್ಟು ಸಂಸ್ಕೃತ ಛಾಯೆಯನ್ನು ಮಾತ್ರ ಉಳಿಸುವುದೂ ಉಂಟು. ಆಗ ಆಕೆಯ ನುಡಿಯೇ ಹೋಗಿ ಅದರ ನೆರಳು ಉಳಿಯುತ್ತದೆ.

ರಂಗಸೂಚನೆಗಳ ಲೋಪದಿಂದಾಗುವ ಹಾನಿಯೂ ಕಡಿಮೆಯದಲ್ಲ. ನಾಯಿಕೆಯ ಮಾತಿನ ಮುಂದಿನ 'ಆತ್ಮಗತಂ' ಎಂಬ ಒಂದು ಪದ ಬಿಟ್ಟುಹೋದರೆ, ಆಕೆ ಮನಸ್ಸಿನಲ್ಲಿ ಅಂದುಕೊಂಡದ್ದು ಎಲ್ಲರೆದುರು ಆಡಿದ ಮಾತಾಗುತ್ತದೆ. ಲಜ್ಜೆಯೇ ಮಾಯವಾಗುತ್ತದೆ. ಪವನಂಜಯನು ಪುರಾಣದಲ್ಲಿ ಅಂಜನೆಯ ಮೌನವನ್ನು ತಪ್ಪಾಗಿ ಓದಿದನು. ಲಿಪಿಕಾರನು ಪ್ರತಿಯಲ್ಲಿ ಅದನ್ನೇ ಮಾಡುತ್ತಾನೆ. ಪ್ರಣಯಿಗಳಿಬ್ಬರಲ್ಲಿ ಒಬ್ಬರ ದನಿ ಮಾತ್ರ ಶುದ್ಧವಾಗಿ ಉಳಿದು ಇನ್ನೊಬ್ಬರದು ಕೆಟ್ಟರೆ ನಾಟಕ ಅರ್ಧವೇ ಉಳಿಯಿತು. ಪ್ರಾಕೃತವು ನಮಗೆ ಆಗಮದ ಭಾಷೆ. ಅದನ್ನು ಬಲ್ಲವರು ನಮ್ಮ ಪಾಠಶಾಲೆಗಳಲ್ಲಿ ಇನ್ನೂ ಇದ್ದಾರೆ. ಧವಳಾ ಟೀಕೆಯ ಶೌರಸೇನಿಯನ್ನು ತಿದ್ದಿ ಓದಬಲ್ಲ ಪಂಡಿತರಿಗೆ ಸುಲೋಚನೆಯ ಶೌರಸೇನಿಯನ್ನು ತಿದ್ದುವುದು ಅಸಾಧ್ಯವಲ್ಲ, ಅಗೌರವವೂ ಅಲ್ಲ.

೭

ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕಾಗಿದೆ. ಪುರಾಣದಲ್ಲಿ ಜಯಕುಮಾರನು ಕೊನೆಗೆ ದೀಕ್ಷೆವಹಿಸಿ ಆದಿದೇವನ ಗಣಧರನಾಗುತ್ತಾನೆ, ಸುಲೋಚನೆ ಆರ್ಯಿಕೆಯಾಗುತ್ತಾಳೆ. ನಾಟಕವಾದರೋ ವಿವಾಹದಲ್ಲಿಯೇ ನಿಲ್ಲುತ್ತದೆ. ಇದರಿಂದ ಪುರಾಣದ ಗುರಿ ತಪ್ಪಿತೆಂದು ಕೆಲವರು ಹೇಳಬಹುದು. ನನಗೆ ಹಾಗೆ ತೋರುವುದಿಲ್ಲ. ನಾಟಕವು ಒಂದು ಭವದ ಒಂದು ಭಾಗ ಮಾತ್ರ. ಅಲ್ಲಿ ಕಲಿಸಬೇಕಾದದ್ದು ಕಾಮವು ಧರ್ಮದ ಅಂಕೆಯಲ್ಲಿ ನಡೆಯುವ ಬಗೆ. ಅಡ್ಡಬಂದವನನ್ನು ಕ್ಷಮಿಸುವುದು, ಶಂಕೆಗೆ ಸಿಕ್ಕಿದವಳು ಧೃತಿಗೆಡದಿರುವುದು, ಗುರುತನ್ನು ಕಣ್ಣಿನಿಂದಲ್ಲದೆ ಶ್ರದ್ಧೆಯಿಂದ ನೋಡುವುದು: ಇವು ಗೃಹಸ್ಥನಿಗೆ ಬೇಕಾದ ಪಾಠಗಳು. ಇವನ್ನು ಕಲಿಯದವನಿಗೆ ಮುಂದಿನ ಮೆಟ್ಟಿಲು ಎಟಕುವುದಿಲ್ಲ. ಉಳಿದ ಕಥೆಯನ್ನು ಪ್ರೇಕ್ಷಕರು ಬಲ್ಲರೆಂಬ ನಂಬಿಕೆಯಿಂದಲೇ ಕವಿಯು ಅಷ್ಟಕ್ಕೆ ತೆರೆಯೆಳೆದಿದ್ದಾನೆ.

ಬೆಳ್ಳಂದೂರಿನ ಆ ತರುಣಿಗೆ ಮುಂದಿನ ಭಾನುವಾರ ಇಷ್ಟನ್ನು ಸಂಕ್ಷೇಪವಾಗಿ ಹೇಳಿದೆನು. ಹಸ್ತಿಮಲ್ಲನು ಈ ನಾಟಕಗಳನ್ನು ಬರೆದದ್ದು ಅಂತರಾಯವೆಂಬ ಕರ್ಮವನ್ನು ಗೃಹಸ್ಥರ ಕಣ್ಣಿಗೆ ಕಾಣಿಸಲು. ನಮ್ಮವರು ಕಾಪಾಡಿದ್ದು ಅದನ್ನು ಅರಿತಿದ್ದುದರಿಂದ. ಆಕೆ ಸ್ವಲ್ಪ ಹೊತ್ತು ಯೋಚಿಸಿ, 'ಹಾಗಾದರೆ ಅಂಜನೆಯ ಮಾತುಗಳನ್ನು ಆಕೆಯ ಭಾಷೆಯಲ್ಲಿಯೇ ಓದಿಸುವಿರಾ?' ಎಂದು ಕೇಳಿದಳು. ಈಗ ಸ್ವಾಧ್ಯಾಯದ ಕೊನೆಯ ಅರ್ಧ ಗಂಟೆ ಪ್ರಾಕೃತ ಪಾಠಕ್ಕೆ ಮೀಸಲಾಗಿದೆ.